ದೂರು ಬಾರದ ಬೀದಿ

ನಮ್ಮ ಮ್ಯಾನೇಜರನ್ನು ನಾವು ಬೆನ್ನ ಹಿಂದೆ ಸೊನ್ನೆ ಸಾಹೇಬರು ಅನ್ನುತ್ತಿದ್ದೆವು. ದೂರಿನ ಫೋನುಗಳನ್ನು ತೆಗೆದುಕೊಳ್ಳುವ ನಮ್ಮ ಕೋಣೆಯ ಗೋಡೆಯಲ್ಲಿ, ಬಂದ ದೂರುಗಳ ಲೆಕ್ಕ ತೋರಿಸುವ ಒಂದು ಪರದೆ ಇತ್ತು. ಅದರಲ್ಲಿ ಸೊನ್ನೆ ಕಂಡರೆ ಅವರ ಮುಖ ಅರಳುತ್ತಿತ್ತು. ಅಂದಂತೂ ಹೊಸ ಕೋಟು ತೊಟ್ಟ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಎಲ್ಲ ಆ್ಯಪಿಗೂ ಒಂದೇ ವೇಗ ಕೊಡಬೇಕು, ಹಣ ಕಟ್ಟಿದವರಿಗೆ ಹೆಚ್ಚು, ಕಟ್ಟದವರಿಗೆ ಕಡಿಮೆ ಎಂಬ ಭೇದ ಕೂಡದು ಎಂಬ ನಿಯಮ ಬರುವುದರಲ್ಲಿತ್ತು. ಇಂಟರ್ನೆಟ್ ಕೊಡುವ ನಮ್ಮ ಕಂಪನಿಗೆ ಅದು ನುಂಗಲಾರದ ತುತ್ತು. ಅಂದು ಮಧ್ಯಾಹ್ನ ಆ ನಿಯಮ ರೂಪಿಸುವ ಸಮಿತಿಯ ಮುಂದೆ ವಿಚಾರಣೆ. ವೇಗ ಇಳಿಸಿದರೆ ಜನಕ್ಕೆ ಗೊತ್ತೇ ಆಗುವುದಿಲ್ಲ ಎಂದು ತೋರಿಸಲು ಕಂಪನಿ ಹಿಂದಿನ ದಿನದಿಂದ ಎಲ್ಲೋ ಒಂದು ಬೀದಿಯಲ್ಲಿ ಪ್ರಯೋಗ ನಡೆಸುತ್ತಿತ್ತು: ನಮ್ಮ ಸ್ವಂತ ಆ್ಯಪಿಗೆ ಪೂರ್ತಿ ವೇಗ, ಉಳಿದವರ ವಿಡಿಯೋಗಳಿಗೆ ಕುಂಟು ನಡಿಗೆ.

"ನಿನ್ನ ಫೋನ್ ಹತ್ರಾನೇ ಇಟ್ಕೊಂಡಿರಮ್ಮ," ಅಂದರು ಸಾಹೇಬರು ಹೊರಡುವಾಗ. "ವಿಚಾರಣೆಯಿಂದ್ಲೇ ಮಾಡ್ತೀನಿ. ದೂರು ಎಷ್ಟು ಬಂತು ಅಂತ ನಿನ್ನ ಬಾಯಲ್ಲೇ ಕೇಳ್ಲಿ ಅವ್ರು."

ಅವರು ಹೋದ ಸ್ವಲ್ಪ ಹೊತ್ತಿಗೆ ಅಕ್ಕನ ವಿಡಿಯೋ ಕರೆ ಬಂತು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಕ್ಷರವೂ ಅಷ್ಟಾಗಿ ಒಲಿಯಲಿಲ್ಲ. ಅವಳ ಮಾತೆಲ್ಲ ಕೈಯಲ್ಲೇ, ಆ ಕೈಗಳು ಜಗಳಕ್ಕೆ ನಿಂತರೆ ನಾನು ಎಂದೂ ಗೆದ್ದವಳಲ್ಲ. ಈಗ ಅವಳಿಗೆ ದಿನ ತುಂಬುತ್ತಿತ್ತು. ಭಾವ ಪ್ರೆಸ್ಸಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವಳೊಬ್ಬಳೇ.

ಅವಳ ಮುಖ ಚೂರುಚೂರಾಗಿ ಬಂತು. ಒಂದು ಕೈ ಎದೆಯ ಬಳಿ ನಿಂತಿತು. ಆಮೇಲೆ ಬೆರಳುಗಳೆಲ್ಲ ಕಲಸಿಹೋದವು. ತೆರೆದ ಬಾಯಿ. ಮತ್ತೆ ಅದೇ ಕೈ. ನೋವು ಅನ್ನುತ್ತಿದ್ದಾಳೋ, ಬಾ ಅನ್ನುತ್ತಿದ್ದಾಳೋ, ಏನೂ ತಿಳಿಯಲಿಲ್ಲ. ಮತ್ತೆ ಹೇಳು ಎಂದು ನಾನು ಕೈ ಆಡಿಸಿದೆ. ಅದು ಅವಳಿಗೆ ಎಷ್ಟು ಚೂರಾಗಿ ತಲುಪಿತೋ. ಚಿತ್ರ ನಿಂತೇ ಹೋಯಿತು. ನಿನ್ನೆಯೂ ಹೀಗೇ ಆಗಿದ್ದಾಗ, ಆ ಹಳೇ ಫೋನು ಬಿಸಾಕು ಎಂದು ರೇಗಿಸಿದ್ದೆ.

"ಪ್ರಯೋಗ ಎಲ್ಲಿ ನಡೀತಿದೆ?" ಪಕ್ಕದ ಮೇಜಿನವಳನ್ನು ಕೇಳಿದೆ.

"ಹಳೇ ನೀರಿನ ಟ್ಯಾಂಕ್ ಹಿಂದಿನ ಬೀದೀಲಂತೆ. ಸಾಹೇಬ್ರೇ ಆರಿಸಿದ್ದು. ಅಲ್ಲಿಂದ ಯಾವತ್ತೂ ಒಂದು ಫೋನೂ ಬರಲ್ವಲ್ಲ, ಸಮಾಧಾನದ ಜನ ಅಂದ್ರು."

ಅದು ಅಕ್ಕನ ಬೀದಿ. ಅಲ್ಲೇ ಕಿವುಡರ ಶಾಲೆ ಇರುವುದು. ಅಲ್ಲಿ ಕಲಿತವರು ಮದುವೆಯಾಗಿ, ಬಾಡಿಗೆ ಹಿಡಿದು, ಮನೆಗೆ ಮನೆ ಅಲ್ಲೇ ನೆಲೆ ನಿಂತಿದ್ದರು. ಅವರು ಯಾವ ಬಾಯಿಂದ ನಮಗೆ ಫೋನ್ ಮಾಡಿಯಾರು?

"ಆಂಬುಲೆನ್ಸ್ ಕಳ್ಸೇ!" ಎಂದು ವಿಳಾಸ ಕೂಗಿ, ನನ್ನ ಫೋನು ಹಿಡಿದು ಓಡಿದೆ. ಟ್ಯಾಕ್ಸಿಯಲ್ಲಿ ಕೂತಷ್ಟು ಹೊತ್ತೂ ಆ ನಿಂತ ಕೈಯೇ ಕಣ್ಣ ಮುಂದಿತ್ತು.

ಬೀದಿಯ ಹೊಸ್ತಿಲು ಹೊಸ್ತಿಲಲ್ಲೂ ಜನ. ಫೋನು ಮೇಲೆತ್ತಿ ಹಿಡಿದವರು, ಕುಟ್ಟಿ ನೋಡುವವರು, ಒಬ್ಬರಿಗೊಬ್ಬರು ಸಿಟ್ಟಿನಿಂದ ಕೈ ಬೀಸುವವರು. ಚಪ್ಪಲಿಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಅಷ್ಟು ಭಯ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಬಾಗಿಲು ತೆರೆದಿತ್ತು. ಅಕ್ಕ ಮಂಚಕ್ಕೆ ಒರಗಿ ನೆಲದಲ್ಲಿ ಕೂತಿದ್ದಳು, ಕೆಳಗಿನ ಹೊದಿಕೆಯೆಲ್ಲ ತೊಯ್ದಿತ್ತು. ಎದುರು ಮನೆಯಾಕೆ, ಅವಳಿಗೂ ಕಿವಿ ಕೇಳಿಸದು, ಆಗಷ್ಟೇ ಹುಟ್ಟಿದ ಕೂಸನ್ನು ಟವೆಲಿನಲ್ಲಿ ಹಿಡಿದು ಬೆನ್ನು ಉಜ್ಜುತ್ತಿದ್ದಳು. ಅಕ್ಕ ನನ್ನ ಕಿವಿ ತೋರಿಸಿದಳು, ಕೂಸನ್ನು ತೋರಿಸಿದಳು. ಬಾಯಿ ತೆರೀತಿದೆ, ದನಿ ಬರ್ತಿದೆಯಾ, ಹೇಳು ಅಂದವು ಅವಳ ಕೈಗಳು.

ದನಿ ಇರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅದರ ಸದ್ದಡಗಿಸಲು ಒತ್ತಿದರೆ ಕರೆಯೇ ತೆರೆಯಿತು.

"ಸ್ಪೀಕರ್‌ನಲ್ಲಿದೀಯಮ್ಮ. ಸಮಿತಿಯವ್ರು ಕೇಳಿಸ್ಕೋತಿದಾರೆ. ಆ ಬೀದಿಯಿಂದ ದೂರು ಎಷ್ಟು?"

ಫೋನನ್ನು ನೆಲಕ್ಕೆ ಹಾಕಿ ಕೂಸಿನ ಬಾಯಿಗೆ ಕಿವಿ ಇಟ್ಟೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಲೋ? ಮಾತಾಡಮ್ಮ." ಸಾಹೇಬರು ಅತ್ತ ಯಾರಿಗೋ ನಕ್ಕಿದ್ದು ಕೇಳಿಸಿತು. "ಹೇಳೋಕೆ ಏನೂ ಇಲ್ಲ ನೋಡಿ ಸರ್. ಒಂದೂ ಇಲ್ಲ ಅಂತ ಬರ್ಕೊಳ್ಳಿ."

ಕೂಸಿನ ಗಂಟಲಲ್ಲಿ ಏನೋ ಕೆರೆಯಿತು. ಇನ್ನೊಮ್ಮೆ ಕೆರೆಯಿತು. ಆಮೇಲೆ ಸಣ್ಣಗೆ, ಒಡಕು ದನಿಯಲ್ಲಿ ಅತ್ತಿತು.

ಇದೆ, ದನಿ ಇದೆ ಎಂದು ಎರಡೂ ಕೈಯಲ್ಲಿ ಅಕ್ಕನಿಗೆ ಹೇಳಿದೆ. ಅವಳು ಮುಖ ಮುಚ್ಚಿಕೊಂಡು ಅತ್ತಳು. ನಾನು ಫೋನು ಎತ್ತಿಕೊಂಡೆ.

"ಬರ್ಕೋಬೇಡಿ ಸರ್," ಅಂದೆ. "ಇಲ್ಲಿ ಬೀದಿಗೆ ಬೀದಿಯೇ ದೂರು ಹೇಳ್ತಾ ನಿಂತಿದೆ. ಬಂದು ನೋಡಿ."