ಹತ್ತು ಗಂಟೆಯ ಸಹಿ

ಚಟ್ಟವನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿದ್ದ ಆರು ಮಂದಿ, ಅವರಲ್ಲೇ ಮುಂದಿದ್ದ ಮೇಸ್ತ್ರಿಯ ಒಂದೇ ಸನ್ನೆಗೆ ಅದನ್ನು ಮತ್ತೆ ನೆಲಕ್ಕಿಳಿಸಿದರು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆಯಾಗಿತ್ತು. ಸ್ಮಶಾನ ಊರಿನ ಒಂದು ತುದಿಗೆ, ಕಾರ್ಖಾನೆಯ ಗೇಟು ಇನ್ನೊಂದು ತುದಿಗೆ.

ಮೇಸ್ತ್ರಿ ಸತ್ತವನ ಹೆಂಡತಿಯ ಕಡೆ ತಿರುಗಿದ. ಕಣ್ಣು ಮಾತ್ರ ನೆಲದಲ್ಲಿತ್ತು.

"ತಪ್ಪು ತಿಳ್ಕೋಬೇಡಮ್ಮ. ಒಂದು ಗಂಟೆ ಕೊಡು. ಸಹಿ ಹಾಕಿ ಓಡಿ ಬಂದ್ಬಿಡ್ತೀವಿ."

ಜೊತೆಯಲ್ಲಿ ದುಡಿದವರೇ ಗಂಡನನ್ನು ಹೊರಬೇಕೆಂಬುದು ಆಕೆಯ ಒಂದೇ ಕೋರಿಕೆಯಾಗಿತ್ತು. ವಾಹನ ಗೊತ್ತುಮಾಡುತ್ತೇನೆಂದ ತಮ್ಮನನ್ನು ಬೆಳಿಗ್ಗೆಯೇ ಸುಮ್ಮನಾಗಿಸಿದ್ದಳು. ಆದರೆ ಹತ್ತು ಗಂಟೆ ಎಂದರೆ ಏನೆಂದು ಆ ಮನೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

*

ಒಂಬತ್ತು ವರ್ಷಗಳ ಹಿಂದೆ ಕಾರ್ಖಾನೆಯ ಗೇಟಿಗೆ ಒಂದು ನೋಟೀಸು ಅಂಟಿತ್ತು. ಉತ್ಪಾದನೆ ತಾತ್ಕಾಲಿಕವಾಗಿ ನಿಂತಿದೆ. ಕೆಲಸಕ್ಕೆ ಮರಳಲು ಇಚ್ಛಿಸುವವರು ದಿನವೂ ಬೆಳಿಗ್ಗೆ ಹತ್ತಕ್ಕೆ ಗೇಟಿನಲ್ಲಿ ಹಾಜರಿ ಸಹಿ ಹಾಕತಕ್ಕದ್ದು. ಒಂದು ದಿನ ತಪ್ಪಿದರೂ ಸ್ವಇಚ್ಛೆಯಿಂದ ಕೆಲಸ ಬಿಟ್ಟಂತೆ ಭಾವಿಸಲಾಗುವುದು. ಬಿಟ್ಟವನಿಗೆ ಪರಿಹಾರವಿಲ್ಲ. ಯಾರನ್ನೂ ಕೆಲಸದಿಂದ ತೆಗೆಯದೆಯೇ ಎಲ್ಲರನ್ನೂ ತೆಗೆದುಹಾಕುವ ಈ ಉಪಾಯ ಹೊಳೆದವನು ಆ ಹೊತ್ತಿನಲ್ಲಿ ಯಾವುದೋ ತಣ್ಣನೆಯ ಕೋಣೆಯಲ್ಲಿ ಕುಳಿತಿದ್ದಿರಬೇಕು. ಬಿಸಿಲಿನಲ್ಲಿ ನಿಂತವನಿಗೆ ಅಂಥದ್ದು ಹೊಳೆಯುವುದಿಲ್ಲ.

ಮೊದಲ ದಿನ ಮುನ್ನೂರು ಜನರ ಸಾಲು. ಈಗ ಚಟ್ಟದ ಮೇಲಿರುವ, ಲೇತ್ ಯಂತ್ರದ ಟರ್ನರ್ ಗೇಜಣ್ಣನೂ ಅದರಲ್ಲಿದ್ದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳತೆಯ ಗೇಜಿಲ್ಲದೆ ಹೆಬ್ಬೆರಳಿನಿಂದಲೇ ಅಳೆಯುತ್ತಿದ್ದುದರಿಂದ ಅವನಿಗೆ ಆ ಹೆಸರು. ವರ್ಷ ಕಳೆದಂತೆ ಸಾಲು ಕರಗಿತು. ಕೆಲವರು ಊರು ಬಿಟ್ಟರು, ಕೆಲವರು ಕುಡಿತಕ್ಕೆ ಬಿದ್ದರು, ಇಬ್ಬರು ಬದುಕನ್ನೇ ಬಿಟ್ಟರು. ಕೊನೆಗೆ ಏಳು ಮಂದಿ ಉಳಿದರು.

ಮೂರನೆಯ ವರ್ಷ ಲೇತ್ ಅಂಗಡಿಯವನೊಬ್ಬ ಮನೆಗೇ ಬಂದು ಗೇಜಣ್ಣನನ್ನು ಕೆಲಸಕ್ಕೆ ಕರೆದ. ಹತ್ತಕ್ಕೆ ಅರ್ಧ ಗಂಟೆ ಬಿಡುತ್ತೀರಾ ಎಂದು ಇವನು ಸಂಕೋಚದಿಂದ ಕೇಳಿದ. ಅಂಗಡಿಯವನು ನಕ್ಕುಬಿಟ್ಟ.

"ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಅಂದ್ರೆ, ಲೇತ್ ಮುಂದೆ ನಿಲ್ಲೋದು ಯಾವ ಕಾಲಲ್ಲಿ ಸ್ವಾಮಿ?"

ಗೇಜಣ್ಣನೂ ನಕ್ಕ. ಇಪ್ಪತ್ತೆರಡು ವರ್ಷದ ದುಡಿಮೆಯ ಹಕ್ಕನ್ನು ಒಂದು ಬೆಳಗಿಗೆ ಕೈಬಿಡಲು ಅವನಿಂದ ಆಗಲಿಲ್ಲ. ಆ ವರ್ಷವೇ ಮಗಳು ಶಾಲೆ ಬಿಟ್ಟು ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಳು. ಹೆಂಡತಿ ನಾಲ್ಕು ಮನೆಯ ಪಾತ್ರೆ ಹಿಡಿದಳು. ಬೀದಿಯವರು ಅವನನ್ನು ಸೋಮಾರಿ ಎಂದರು. ಜ್ವರದಲ್ಲೂ ಗೇಟಿಗೆ ನಡೆದು ಹೋಗುತ್ತಿದ್ದವನನ್ನು ಅವರು ದಿನವೂ ನೋಡುತ್ತಿದ್ದರು, ನೋಡಿಯೂ ಹಾಗೆನ್ನುತ್ತಿದ್ದರು.

*

ಮಗಳು ತಂದೆಯ ತಲೆಯ ಬಳಿಯಿಂದ ಎದ್ದಳು.

"ಯಾರೂ ಓಡಿ ಬರೋದು ಬೇಡ. ಅಪ್ಪನ್ನೂ ಕರ್ಕೊಂಡೇ ಹೋಗೋಣ. ಒಂದು ದಿನಾನೂ ತಪ್ಪಿಸ್ದೋರಲ್ಲ ಅವರು."

ಸೋದರಮಾವ ಸಿಡಿಮಿಡಿಗೊಂಡ. ಹೆಣವನ್ನು ಬೀದಿ ಸುತ್ತಿಸಿದರೆ ಮಾನ ಏನಾದೀತು ಎಂಬುದು ಅವನ ಚಿಂತೆ.

"ಬದುಕಿದ್ದೋರನ್ನ ಒಂಬತ್ತು ವರ್ಷ ಬಿಸಿಲಲ್ಲಿ ನಿಲ್ಸಿದ್ರಲ್ಲ ಮಾವ, ಆಗ ಯಾರ ಮಾನ ಹೋಯ್ತು?"

ಆರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟರು.

ಗೇಟಿನ ಕಿಂಡಿ ತೆರೆದ ಕಾವಲುಗಾರ ಚಟ್ಟ ಕಂಡು ಟೋಪಿ ತೆಗೆದ. ಚಟ್ಟವನ್ನು ಗೇಟಿನೆದುರು ಇಳಿಸಿ ಆರೂ ಜನ ಒಬ್ಬೊಬ್ಬರಾಗಿ ಸಹಿ ಹಾಕಿದರು. ಅಪ್ಪನ ಸಹಿಯನ್ನೂ ಹಾಕಲು ಮಗಳು ಪೆನ್ನಿಗೆ ಕೈಚಾಚಿದಾಗ ಕಾವಲುಗಾರ ಪುಸ್ತಕವನ್ನು ಹಿಂದಕ್ಕೆಳೆದುಕೊಂಡು, ಅವರ ಸಾಲಿನಲ್ಲಿ ಬೇರೆಯವರು ಬರೆಯುವಂತಿಲ್ಲ ಎಂದ. ಬರೆದರೆ ಕೇಳುವವರು ಯಾರು, ಈ ಪುಸ್ತಕ ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿದಳು. ಅವನು ಹೆಣದ ಕಡೆಗೊಮ್ಮೆ ನೋಡಿದ. ಅದರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲವೇನೋ.

"ಪೆಟ್ಟಿಗೇಲಿ ಹಾಕಿಡ್ತೀನಿ ತಾಯಿ. ನಾನು ಬಂದು ನಾಲ್ಕು ವರ್ಷ ಆಯ್ತು. ಇದನ್ನ ಕೇಳ್ಕೊಂಡು ಒಬ್ರೂ ಬಂದಿಲ್ಲ."

ಆರು ಜನರಲ್ಲಿ ಚಿಕ್ಕವನಾದ ವೆಲ್ಡರ್ ಕಿಂಡಿಗೆ ಮುಖ ತಂದ. "ಮತ್ತೆ ದಿನಾ ಯಾಕಯ್ಯ ಸಹಿ ತಗೊಂಡೆ?"

"ನೀವು ದಿನಾ ಬರ್ತಿದ್ರಿ" ಎಂದ ಕಾವಲುಗಾರ.

ಆಮೇಲೆ ಯಾರೂ ಕೇಳದೆಯೇ ಅವನು ಬೀಗದ ಕೈ ತಂದು ಗೇಟು ತೆರೆದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಆ ಗೋಡೆಯೊಳಗೆ ಕಾಲಿಟ್ಟರು, ಗೇಜಣ್ಣ ಹೆಗಲ ಮೇಲೆ.

ಶೆಡ್ಡಿನೊಳಗೆ ಯಂತ್ರಗಳಿರಲಿಲ್ಲ. ಒಂದೂ ಇರಲಿಲ್ಲ. ಸೀಳಿದ ತಗಡಿನಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಯಂತ್ರಗಳನ್ನು ಕೂರಿಸಿದ್ದ ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿದ್ದರು. ಮೇಸ್ತ್ರಿ ಬಗ್ಗಿ ಒಂದನ್ನು ಉಜ್ಜಿ, ಬೆರಳಿಗೆ ಹತ್ತಿದ್ದನ್ನು ನೋಡಿದ.

"ಐದಾರು ವರ್ಷದ ತುಕ್ಕು" ಎಂದ. "ಹಿಂದಿನ ರಸ್ತೇಲಿ ಲಾರಿ ಸದ್ದಾದಾಗೆಲ್ಲ ಹೊಸ ಮಷೀನು ಬಂತು ಅಂತಿದ್ದ ಕಣೋ ಇವನು. ನಾವೂ ನಂಬ್ತಿದ್ವಿ."

ಆಗ ಗೇಜಣ್ಣನ ಹೆಂಡತಿ ಮನೆ ಬಿಟ್ಟ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟಳು.

"ಇವರದು ಯಾವ ಜಾಗ?"

ಮೂರನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದ ನಾಲ್ಕು ಬೋಲ್ಟುಗಳ ನಡುವೆ ಅವರು ಚಟ್ಟವನ್ನು ಇಳಿಸಿದರು. ಅಗಲ ಸ್ವಲ್ಪ ಹೆಚ್ಚೇ ಉಳಿಯಿತು. ಮೊದಲು ಮೇಸ್ತ್ರಿ, ಅವನ ಹಿಂದೆ ವೆಲ್ಡರ್, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ದೂರ ಸರಿದು, ಹೆಜ್ಜೆ ಎಣಿಸಿ ತಂತಮ್ಮ ಜಾಗ ಹುಡುಕಿಕೊಂಡು ನಿಂತರು. ಆ ಬೋಳು ನೆಲದ ಮೇಲೆ ಆರು ಮುದುಕರು ಅಲ್ಲೊಬ್ಬ ಇಲ್ಲೊಬ್ಬ, ಏನೂ ಇಲ್ಲದ ಕಡೆ ಮುಖ ಮಾಡಿ ನಿಂತಿದ್ದರು. ಅವರ ಕೈಗಳು ತಾವಾಗಿಯೇ ಯಂತ್ರದ ಹಿಡಿಕೆಯ ಎತ್ತರಕ್ಕೆ ಎದ್ದಿದ್ದವು.