ಏರಿಯ ಕೆಳಗಿನ ಮನೆ

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಹತ್ತಿರ ಕೊಂಡ ತೋಟದಮನೆಯ ಜೊತೆಗೆ ರಾಜಶೇಖರನಿಗೆ ಒಂದು ಕೆರೆಯೂ ಅದರ ಮಣ್ಣಿನ ಏರಿಯೂ ಬಂದಿದ್ದವು. ಎರಡು ಬೇಸಿಗೆ ಬೆವರು ಸುರಿಸಿ ಏರಿಯ ಗಿಡಗಂಟಿ ಕಿತ್ತು, ಬಿಲಗಳನ್ನೆಲ್ಲ ಮುಚ್ಚಿದ್ದ. ತಪಾಸಣೆಗೆ ಬಂದ ಇಂಜಿನಿಯರ್ ಕರಿನ್ ಅಲ್ಲಿನವರು ಫೀಕಾ ಅನ್ನುವ ಕಾಫಿ-ತಿಂಡಿಯ ಬಿಡುವಿನಲ್ಲಿ ಕಾಫಿ ಹೀರುತ್ತ, "ಏರಿ ಗಟ್ಟಿಮುಟ್ಟಾಗಿದೆ. ಆದರೆ ಅಪಾಯದ ದರ್ಜೆ ಹೆಚ್ಚಿಸಬೇಕು," ಅಂದಳು.

ರಾಜಶೇಖರನ ಪಿತ್ತ ನೆತ್ತಿಗೇರಿತು. "ಗಟ್ಟಿಯಿದ್ರೆ ಕಡಿಮೆಯಾಗ್ಬೇಕಲ್ವಾ?"

"ಆ ದರ್ಜೆ ಏರಿ ಎಷ್ಟು ಗಟ್ಟಿ ಅಂತಲ್ಲ, ಒಡೆದರೆ ಕೆಳಗಿರೋರಿಗೆ ಏನಾಗುತ್ತೆ ಅಂತ. ಕೆಳಗಿನ ಹೊಸ ಕಾಟೇಜಿನಲ್ಲಿ ಯಾರಿರ್ತಾರೆ?"

"ಯಾರೂ ಇಲ್ಲ. ಬೇಸಿಗೇಲಿ ನಮ್ಮತ್ತೆ, ಅಷ್ಟೆ."

ಹೆಂಡತಿ ಪಾವನಾ ಇಬ್ಬರ ಮಾತನ್ನೂ ಒಂದಕ್ಷರ ಬಿಡದೆ ಕನ್ನಡದಲ್ಲಿ ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಹೇಳಿದಳು.

ಅತ್ತೆ ಎದ್ದು, ಅಳಿಯನ ಮುಂದಿದ್ದ ಚಕ್ಕುಲಿ ತಟ್ಟೆ ಎತ್ತಿ ಕರಿನ್ ಮುಂದಿಟ್ಟರು.

"ತಗೊಳಮ್ಮ. ಈ ಮನೇಲಿ ನನ್ನನ್ನೂ ಮನುಷ್ಯರ ಲೆಕ್ಕಕ್ಕೆ ತಗೊಂಡವಳು ನೀನೊಬ್ಬಳೇ."