ತೊಳೆದಿಟ್ಟ ಕೊಟ್ಟಿಗೆ

ಪಟ್ಟಣ ಬೆಳೆಯುತ್ತಾ ಬೆಳೆಯುತ್ತಾ ಯಜಮಾನನ ಬೇಲಿಯವರೆಗೂ ಬಂದು ನಿಂತಿತ್ತು. ಬೇಲಿಯ ಆಚೆ ಬಡಾವಣೆ. ಈಚೆ ಅವನ ಮನೆ, ಮೇವಿನ ಹೊಲ, ಕೊಟ್ಟಿಗೆ, ಎಂಟು ಹಸು. ಯೋಜನಾ ಇಲಾಖೆಯ ಹೊಸ ನಕ್ಷೆಯಲ್ಲಿ ಇದಿಷ್ಟಕ್ಕೂ ಹಳದಿ ಬಣ್ಣ ಬಳಿದಿದ್ದರು. ಹಳದಿ ಎಂದರೆ ಬರೀ ಮನೆಗಳ ಜಾಗ, ದನ ಕಟ್ಟುವಂತಿಲ್ಲ. ಹಸಿರಾದರೆ ಬೇಸಾಯ. ಗಂಡ ಹೆಂಡತಿ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆ, ಅಧಿಕಾರಿಯೊಬ್ಬರು ಬಂದು ಕಣ್ಣಾರೆ ನೋಡುವುದು, ಬೇಸಾಯ ನಡೆಯುತ್ತಿದ್ದರೆ ಹಸಿರು ಮಾಡುವುದು ಎಂದು ತೀರ್ಮಾನವಾಯಿತು.

ಆ ಹೊತ್ತಿಗೆ ಸರಿಯಾಗಿ ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಯಜಮಾನನೋ, ಯಾರಾದರೂ ದೊಡ್ಡವರು ಬರುತ್ತಾರೆಂದರೆ ಕೈಕಾಲು ನಿಲ್ಲದ ಮನುಷ್ಯ. ಬಡಾವಣೆಯವರು ಬಾಲ್ಕನಿಯಲ್ಲಿ ಮೂಗು ಮುಚ್ಚಿಕೊಳ್ಳುವುದನ್ನು ಕಂಡು ಕಂಡು ಅವನಿಗೆ ತನ್ನ ಕೊಟ್ಟಿಗೆ ಎಂದರೆ ತನಗೇ ನಾಚಿಕೆಯಾಗಿಬಿಟ್ಟಿತ್ತು. ಹಸುಗಳನ್ನು ಪಕ್ಕದೂರಿನ ಅಕ್ಕನ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟ. ಹೊಲದಲ್ಲಿನ ಆಳೆತ್ತರದ ಹುಲ್ಲು ಕಾಡಿನ ಹಾಗೆ ಕಾಣುತ್ತದೆಂದು ಬುಡದವರೆಗೂ ಕೊಯ್ಯಿಸಿ, ಅದನ್ನೂ ಅಲ್ಲಿಗೇ ಸಾಗಿಸಿದ. ತಿಪ್ಪೆಯನ್ನು ಪೂರ್ತಿ ಎತ್ತಿಸಿ ಬಡಾವಣೆಯ ಪಾರ್ಕಿಗೆ ಪುಕ್ಕಟೆ ಕೊಟ್ಟ. ನೆಲವನ್ನು ಸೋಪು ಹಾಕಿ ತೊಳೆದು, ಕೊಟ್ಟಿಗೆಯ ನಡುವೆ ಎರಡು ಕುರ್ಚಿ ಹಾಕಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾದು ನಿಂತ.

ಅಧಿಕಾರಿ ಹೆಂಗಸು. ಕುರ್ಚಿಯಲ್ಲಿ ಕೂತು, ಪ್ಯಾಕೆಟ್ ಹಾಲಿನ ಟೀ ಕುಡಿದು, ಸುತ್ತ ನೋಡಿದರು. ಇಷ್ಟು ಚೊಕ್ಕ ಜಾಗ ಈ ಕಡೆ ಎಲ್ಲೂ ಕಂಡಿಲ್ಲ ಎಂದು ಮೆಚ್ಚಿಕೊಂಡರು. ಯಜಮಾನ ಉಬ್ಬಿಹೋದ.

"ಇಲ್ಲಿ ಏನು ಮಾಡ್ತೀರಿ?"

"ಏನೂ ಇಲ್ಲ ಮೇಡಂ. ಎಲ್ಲಾ ಕ್ಲೀನು."

ಅವರು ಪೆನ್ನು ತೆಗೆದು 'ಖಾಲಿ ಶೆಡ್ಡು' ಎಂದು ಬರೆಯುತ್ತಿರುವಾಗ ಹೆಂಡತಿ ಕೈಚೀಲ ಹಿಡಿದು ಒಳಗೆ ಬಂದಳು. ಒಂದು ಸಲ ಕೊಟ್ಟಿಗೆ ನೋಡಿದಳು, ಒಂದು ಸಲ ಗಂಡನನ್ನು. ನಡೆದದ್ದನ್ನೆಲ್ಲ ಗಂಡನ ಬಾಯಿಂದಲೇ ಹೊರಡಿಸಿದಳು. ಅಧಿಕಾರಿ ಕೇಳಿಸಿಕೊಂಡು, ಕಣ್ಣಾರೆ ಕಂಡದ್ದನ್ನಲ್ಲದೆ ಕಿವಿಯಲ್ಲಿ ಕೇಳಿದ್ದನ್ನು ಬರೆಯಲು ತಮಗೆ ಅಧಿಕಾರವಿಲ್ಲ ಎಂದರು. ಬಡಾವಣೆಯಲ್ಲಿ ಇನ್ನೂ ನಾಲ್ಕು ಕಡೆ ನೋಡುವುದಿದೆ, ಕತ್ತಲಾಗುವ ಮೊದಲು ಇನ್ನೊಮ್ಮೆ ಬರಬಲ್ಲೆ ಎಂದು ಹೇಳಿ ಹೊರಟರು.

ಹೆಂಡತಿ ದನಿ ಏರಿಸಲಿಲ್ಲ. "ಈ ಸಗಣಿ ಬಾಚಿಯೇ ಮನೆ ಕಟ್ಟಿದ್ದು, ಮಕ್ಕಳನ್ನ ಓದಿಸಿದ್ದು. ನಿಮಗೇ ನಾಚಿಕೆ ಆದ್ರೆ ಅವರು ಹಳದಿ ಬಳೀದೆ ಇನ್ನೇನು ಮಾಡ್ತಾರೆ? ನಾನು ಹಸು ಹೊಡ್ಕೊಂಡು ಬರ್ತೀನಿ. ನೀವು ಹೋಗಿ ತಿಪ್ಪೆ ತನ್ನಿ."

ಪಾರ್ಕಿನಲ್ಲಿ ಬಡಾವಣೆ ಸಂಘದ ಅಧ್ಯಕ್ಷರು ಗುಲಾಬಿ ಗಿಡಗಳ ಬುಡಕ್ಕೆ ಗೊಬ್ಬರ ಹಾಕಿಸುತ್ತಿದ್ದರು. ಕೊಟ್ಟಿಗೆ ಎತ್ತಿಸಿ ಎಂದು ಇಲಾಖೆಗೆ ದೂರು ಕೊಟ್ಟವರು ಇವರೇ. ಬಲು ಒಳ್ಳೆಯ ಗೊಬ್ಬರ ಎಂದು ಹೊಗಳಿ, ಮುಂದಿನ ವರ್ಷಕ್ಕೂ ಈಗಲೇ ಹೇಳಿಟ್ಟರು. ಯಜಮಾನ ಅದು ವಾಪಸ್ ಬೇಕಾಗಿತ್ತು ಎಂದ. ಕೊಟ್ಟದ್ದನ್ನು ವಾಪಸ್ ಕೇಳುವುದು ಮರ್ಯಾದೆಯಲ್ಲ ಎಂದರು ಅಧ್ಯಕ್ಷರು. ಯಜಮಾನನಿಗೂ ಹಾಗೇ ಅನ್ನಿಸಿತು. ಆದರೂ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬತೊಡಗಿದ. ಬಾಲ್ಕನಿಗಳಲ್ಲಿ ಜನ ಸೇರಿದರು. ಅವನು ತಲೆ ಎತ್ತದೆ ಬಾಚುತ್ತಲೇ ಇದ್ದ. ಅಂಗಿಯ ತೋಳು ಮೊಣಕೈವರೆಗೂ ಕಂದು ಬಣ್ಣಕ್ಕೆ ತಿರುಗಿತು.

ಎದುರು ಮನೆಯಿಂದ ಹೊರಬಂದ ಅಧಿಕಾರಿ ಅಲ್ಲೇ ನಿಂತರು. ಈ ಗೊಬ್ಬರ ಯಾರದು ಎಂದು ಕೇಳಿದರು. ಪಾರ್ಕಿನದು ಎಂದರು ಅಧ್ಯಕ್ಷರು.

ಯಜಮಾನ ಎದ್ದು ನಿಂತ. ಬಾಲ್ಕನಿಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ನಮ್ಮ ಹಸುಗಳದು ಮೇಡಂ. ನಾಚಿಕೆಪಟ್ಟು ಬಚ್ಚಿಟ್ಟಿದ್ದೆ."

ಹೇಳಿದ ಮೇಲೆ ಅವನಿಗೆ ಹಗುರವೆನಿಸಿತು. ಅಷ್ಟರಲ್ಲಿ ಬಡಾವಣೆಯ ಮುಖ್ಯ ರಸ್ತೆಯ ತುಂಬ ಎಂಟು ಹಸು, ಹಿಂದೆ ಹೆಂಡತಿ, ಸಾವಧಾನವಾಗಿ ಬರುತ್ತಿರುವುದು ಕಾಣಿಸಿತು. ಒಂದು ಹಸು ಅಧ್ಯಕ್ಷರ ಗೇಟಿನ ಮುಂದೆ ನಿಂತು ತನ್ನ ಕೆಲಸ ಮುಗಿಸಿಕೊಂಡಿತು.

ಅಧಿಕಾರಿ ಪಾರ್ಕಿನ ಬೆಂಚಿನ ಮೇಲೆ ನಕ್ಷೆ ಬಿಡಿಸಿ, ಚೀಲದಲ್ಲಿ ಹಸಿರು ಪೆನ್ಸಿಲ್ ಹುಡುಕಿದರು. ಗಾಳಿಗೆ ಹಾಳೆ ಏಳುತ್ತಿತ್ತು. ಯಜಮಾನನ ಕೈಯೆಲ್ಲ ಸಗಣಿ, ಅವನು ನಕ್ಷೆ ಮುಟ್ಟುವ ಹಾಗಿರಲಿಲ್ಲ. ಒಂದು ತುದಿ ಒತ್ತಿ ಹಿಡಿಯಿರಿ ಎಂದು ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು ಹಿಡಿದುಕೊಂಡರು.